ಸಿಗ್ನೆಟ್ಟಿ ಬಂದ ವರ್ಷ: ಇಂಡಿಯಾನಾ ಗೆದ್ದಿದ್ದು ಹೇಗೆ, ಉಳಿದವರು ಎಡವಿದ್ದೆಲ್ಲಿ

ಅಮೆರಿಕದ ಕಾಲೇಜು ಫುಟ್‌ಬಾಲಿನ ಮೇಲಿನ ಹಂತದಲ್ಲಿ ಅತಿ ಹೆಚ್ಚು ಪಂದ್ಯ ಸೋತ ತಂಡ ಯಾವುದು ಅಂತ 2023ರಲ್ಲಿ ಕೇಳಿದ್ದರೆ ಉತ್ತರ ಒಂದೇ: ಇಂಡಿಯಾನಾ ವಿಶ್ವವಿದ್ಯಾಲಯ. ಒಟ್ಟು ಏಳುನೂರಕ್ಕೂ ಜಾಸ್ತಿ ಸೋಲು. ತಾನು ಆಡುವ ಬಿಗ್ ಟೆನ್ ಲೀಗನ್ನು ಕೊನೆಯದಾಗಿ ಗೆದ್ದಿದ್ದು 1967ರಲ್ಲಿ, ಅದೂ ಇನ್ನಿಬ್ಬರ ಜೊತೆ ಹಂಚಿಕೊಂಡು. ಸೀಸನ್ ಮುಗಿದ ಮೇಲೆ ಆಡುವ ಬೌಲ್ ಪಂದ್ಯ ಕೊನೆಯದಾಗಿ ಗೆದ್ದಿದ್ದು 1991ರಲ್ಲಿ. 2021ರಿಂದ 2023ರವರೆಗೆ ಮೂರು ಸೀಸನ್ ಕೂಡಿಸಿದರೆ 9 ಗೆಲುವು, 27 ಸೋಲು. ಇಂಥ ತಂಡ ಹೊಸ ಹೆಡ್ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ಸೀಸನ್ನಿನಲ್ಲೇ, 2024ರಲ್ಲಿ, 11 ಪಂದ್ಯ ಗೆದ್ದು ಎರಡನ್ನು ಮಾತ್ರ ಸೋತಿತು. ಅದರ ಮುಂದಿನ ಸೀಸನ್ನಿನಲ್ಲಿ 16 ಪಂದ್ಯ ಆಡಿ ಹದಿನಾರನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು.

ಚಾಂಪಿಯನ್ ಆದ ಸೀಸನ್ನಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನಗೆ ಮೊದಲನೆಯದೇ ಹೆಚ್ಚು ಕುತೂಹಲದ್ದು. ಯಾಕೆಂದರೆ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಈಗ ಅದನ್ನು ತೋರಿಸಿಯೇ ತಮ್ಮ ಕೋಚ್‌ಗಳನ್ನು ಕೇಳುತ್ತಿವೆ: ಅವರಿಗೆ ಒಂದೇ ವರ್ಷದಲ್ಲಿ ಆಗಿದ್ದು ನಿಮಗೇಕೆ ಆಗಲಿಲ್ಲ? ಹೊಸ ಕೋಚ್ ಬಂದರು, ಡ್ರೆಸಿಂಗ್ ರೂಮಿನಲ್ಲಿ ಒಂದು ಭಾಷಣ ಮಾಡಿದರು, ಸೋತು ಸುಣ್ಣವಾಗಿದ್ದ ಹುಡುಗರು ಎದ್ದು ನಿಂತರು ಅನ್ನೋ ಸಿನಿಮಾ ಕಥೆ ಇಲ್ಲಿ ನಡೆದೇ ಇಲ್ಲ. ಕೋಚ್ ತಮ್ಮ ಹಳೆಯ ತಂಡದ ಮುಖ್ಯ ಆಟಗಾರರನ್ನೂ ಸಹಾಯಕರನ್ನೂ ಜೊತೆಗೇ ಕರೆತಂದರು. ಹಾಗೆ ಕರೆತರುವುದಕ್ಕೆ ನಿಯಮಗಳು ಆಗಷ್ಟೇ ದಾರಿ ಬಿಟ್ಟಿದ್ದವು. ಮೇಲಿಂದ ವೇಳಾಪಟ್ಟಿಯೂ ಸ್ವಲ್ಪ ಕೈಹಿಡಿಯಿತು. ಈ ಮೂರರಲ್ಲಿ ಯಾವುದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ.

ಮೊದಲು ಅಲ್ಲಿಯ ಹಿನ್ನೆಲೆ. ನಮ್ಮಲ್ಲಿ ಕಾಲೇಜು ಆಟ ಅಂದರೆ ಇಂಟರ್ ಕಾಲೇಜು ಟೂರ್ನಿ, ಯೂನಿವರ್ಸಿಟಿ ಬ್ಲೂ, ನೋಡೋಕೆ ಹಾಸ್ಟೆಲ್ಲಿನ ನಾಲ್ಕು ಜನ. ಅಮೆರಿಕದಲ್ಲಿ ಅದು ಬೇರೆಯೇ ಲೋಕ. ಮಿಷಿಗನ್, ಒಹಾಯೊ ಸ್ಟೇಟ್ ತಂಡಗಳ ಸ್ಟೇಡಿಯಂಗಳಲ್ಲಿ ಒಂದೊಂದರಲ್ಲೂ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರುತ್ತಾರೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪಟ್ಟಿಯಲ್ಲಿ ಮೊದಲ ಹೆಸರು ಫುಟ್‌ಬಾಲ್ ಕೋಚ್‌ದು. ಗವರ್ನರ್ ಸಂಬಳ ಅದರ ಹತ್ತಿರಕ್ಕೂ ಬರೋದಿಲ್ಲ. ಬಿಗ್ ಟೆನ್ ಲೀಗ್ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಏಳು ವರ್ಷದ ಟಿವಿ ಒಪ್ಪಂದದ ಮೊತ್ತ 700 ಕೋಟಿ ಡಾಲರ್‌ಗಿಂತ ಜಾಸ್ತಿ. ಹೆಸರಿಗೆ ಟೆನ್, 2024ರಿಂದ ತಂಡಗಳು 18. ಆ ದುಡ್ಡಿನಲ್ಲಿ ಸೋಲುವ ತಂಡಗಳಿಗೂ ಪಾಲುಂಟು. ಇಂಡಿಯಾನಾ ಬಡ ತಂಡ ಆಗಿರಲೇ ಇಲ್ಲ ಅನ್ನೋದನ್ನ ಈ ಕಥೆ ಹೇಳುವವರು ಮರೆತುಬಿಡುತ್ತಾರೆ.

ಆದರೆ ಈ ವಿಶ್ವವಿದ್ಯಾಲಯ ಇರುವ ಬ್ಲೂಮಿಂಗ್ಟನ್ ಊರು ಬ್ಯಾಸ್ಕೆಟ್‌ಬಾಲಿನದು. ಪುರುಷರ ಬ್ಯಾಸ್ಕೆಟ್‌ಬಾಲಿನಲ್ಲಿ ಐದು ರಾಷ್ಟ್ರೀಯ ಪ್ರಶಸ್ತಿ. ಬಾಬ್ ನೈಟ್ ಅವರ 1976ರ ತಂಡ ಒಂದೂ ಪಂದ್ಯ ಸೋಲದೆ ಗೆದ್ದಿತ್ತು, ಆಮೇಲೆ ಯಾವ ತಂಡಕ್ಕೂ ಅದು ಸಾಧ್ಯವಾಗಿಲ್ಲ. ಫುಟ್‌ಬಾಲ್ ಅಂದರೆ ಅಲ್ಲಿ ಶನಿವಾರ ಪಾರ್ಕಿಂಗ್ ಜಾಗದಲ್ಲಿ ಗ್ರಿಲ್ ಹಚ್ಚಿ, ಬಿಯರ್ ಕುಡಿದು, ಮನಸ್ಸಾದರೆ ಒಳಗೆ ಹೋಗುವ ಕಾರ್ಯಕ್ರಮ. 2023ರ ನವೆಂಬರ್ ಕೊನೆಯಲ್ಲಿ ಕೋಚ್ ಟಾಮ್ ಆ್ಯಲನ್ ಅವರನ್ನು ತೆಗೆದಾಗ ಅವರಿಗೆ ಕೊಡಬೇಕಾಗಿ ಬಂದ ಮೊತ್ತ 1.55 ಕೋಟಿ ಡಾಲರ್. ಮನೆಗೆ ಕಳಿಸಲು ಇಷ್ಟು! ನಾಲ್ಕೇ ದಿನದಲ್ಲಿ ಹೊಸಬರ ಹೆಸರು ಬಂತು: ಕರ್ಟ್ ಸಿಗ್ನೆಟ್ಟಿ. ವಯಸ್ಸು 62. ದೊಡ್ಡ ಲೀಗಿನಲ್ಲಿ ಹೆಡ್ ಕೋಚ್ ಆಗಿ ಅದೇ ಮೊದಲು.

62 ವರ್ಷದವರೆಗೆ ಅವರು ಎಲ್ಲಿದ್ದರು? 2007ರಿಂದ ಅಲಬಾಮಾದಲ್ಲಿ ನಿಕ್ ಸೇಬನ್ ಅವರ ಸಹಾಯಕರಾಗಿದ್ದರು. ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳಿಗೆ ಕೋಚ್, ಜೊತೆಗೆ ಹೊಸ ಹುಡುಗರನ್ನು ಆರಿಸಿ ಕರೆತರುವ ವಿಭಾಗದ ಹೊಣೆ. 2009ರ ರಾಷ್ಟ್ರೀಯ ಪ್ರಶಸ್ತಿ ಬಂದಾಗ ಅಲ್ಲೇ ಇದ್ದರು. ಅಲ್ಲಿಂದ ದೊಡ್ಡ ತಂಡಕ್ಕೆ ಕರೆ ಬರುವವರೆಗೆ ಕಾಯುವುದು ಸಾಮಾನ್ಯ ದಾರಿ. ಸಿಗ್ನೆಟ್ಟಿ ಕಾಯಲಿಲ್ಲ. ಎರಡನೇ ದರ್ಜೆಯ ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾಕ್ಕೆ ಹೆಡ್ ಕೋಚ್ ಆಗಿ ಹೋದರು. ತಂದೆ ಫ್ರಾಂಕ್ ಸಿಗ್ನೆಟ್ಟಿ ಹಿಂದೆ ವರ್ಷಾನುಗಟ್ಟಲೆ ಕೋಚ್ ಆಗಿದ್ದ ಕಾಲೇಜು ಅದು. (ಪೆನ್ಸಿಲ್ವೇನಿಯಾದಲ್ಲೂ ಇಂಡಿಯಾನಾ ಅಂತ ಒಂದು ಊರಿದೆ. ಎರಡಕ್ಕೂ ಸಂಬಂಧವಿಲ್ಲ.) ಅಲ್ಲಿ ಆರು ವರ್ಷ, ನಂತರ ಈಲಾನ್‌ನಲ್ಲಿ ಎರಡು, ಆಮೇಲೆ ಜೇಮ್ಸ್ ಮ್ಯಾಡಿಸನ್‌ನಲ್ಲಿ ಐದು ವರ್ಷ. ಜೇಮ್ಸ್ ಮ್ಯಾಡಿಸನ್‌ನಲ್ಲಿ ಅವರ ಲೆಕ್ಕ 52 ಗೆಲುವು, 9 ಸೋಲು. ಹೆಡ್ ಕೋಚ್ ಆಗಿ ಅಷ್ಟು ವರ್ಷದಲ್ಲಿ ಒಂದು ಸೀಸನ್ನೂ ಗೆಲುವಿಗಿಂತ ಸೋಲು ಹೆಚ್ಚಾಗಿ ಮುಗಿದಿರಲಿಲ್ಲ.

ಡಿಸೆಂಬರ್‌ನಲ್ಲಿ ಸುದ್ದಿಗೋಷ್ಠಿಯಲ್ಲಿ ಒಬ್ಬರು, ನಿಮ್ಮನ್ನು ನಂಬಿ ಹುಡುಗರು ಬರುವಂತೆ ಹೇಗೆ ಮಾಡುತ್ತೀರಿ ಅಂತ ಕೇಳಿದರು. ‘ನಾನು ಗೆಲ್ತೀನಿ. ಗೂಗಲ್ ಮಾಡಿ ನೋಡಿ’ ಅಂದರು. ಆ ಮಾತು ಟಿ-ಶರ್ಟ್ ಮೇಲೆ ಬಂತು, ಮೀಮ್ ಆಯಿತು. ಜಂಬ ಅಂತ ಅನ್ನಿಸಿದ್ದು ಸಹಜ. ನಿಜವಾಗಿ ಗೂಗಲ್ ಮಾಡಿದವರಿಗೆ ಮಾತ್ರ ಆಶ್ಚರ್ಯವಾಗಲಿಲ್ಲ.

ಇನ್ನು ನಿಯಮಗಳ ವಿಷಯ. ಮೊದಲೆಲ್ಲ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ಆಟಗಾರ ಒಂದು ವರ್ಷ ಸುಮ್ನೆ ಕೂರಬೇಕಿತ್ತು. ಹಾಗಾಗಿ ಹೊಸ ಕೋಚ್ ಬಂದರೆ ಹೈಸ್ಕೂಲು ಮುಗಿಸಿದ ಹುಡುಗರನ್ನು ತಂದು ಬೆಳೆಸಬೇಕು, ಫಲ ಕಾಣೋಕೆ ಮೂರು ನಾಲ್ಕು ವರ್ಷ. 2021ರಲ್ಲಿ ಒಂದು ಸಲ ಕೂರದೆ ಹೋಗಬಹುದು ಅಂತಾಯಿತು. 2024ರ ಏಪ್ರಿಲ್‌ನಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು ಅಂತಾಯಿತು. ಬೇರೆ ಕಡೆ ಹೋಗಬಯಸುವವರ ಹೆಸರಿರುವ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುತ್ತಾರೆ. ಜೊತೆಗೆ 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಿಕೊಳ್ಳಬಹುದು. ಇದು ಬೇಗನೆ ಹಳೆಯ ವಿದ್ಯಾರ್ಥಿಗಳು, ದಾನಿಗಳು ನಿಧಿ ಮಾಡಿ ಆಟಗಾರರಿಗೆ ಕೊಡುವ ಸಂಬಳದಂತೆಯೇ ಆಯಿತು. ಕೋವಿಡ್ ವರ್ಷ ಆಡಿದವರಿಗೆ ಇನ್ನೊಂದು ವರ್ಷ ಹೆಚ್ಚಿಗೆ ಸಿಕ್ಕಿತ್ತು. ಹಾಗಾಗಿ 23, 24 ವಯಸ್ಸಿನವರೂ ಕಾಲೇಜು ತಂಡದಲ್ಲಿ ಉಳಿದಿದ್ದರು.

ಈ ಕೊನೆಯ ಅಂಶವೇ ಸಿಗ್ನೆಟ್ಟಿ ಅವರ ಮುಖ್ಯ ಪಟ್ಟು ಅಂತ ನನಗನ್ನಿಸುತ್ತದೆ. ಅವರು ಆಗಾಗ ಹೇಳುವ ಮಾತೊಂದಿದೆ: ಮುಂದೆ ಏನಾಗಬಹುದು ಅನ್ನೋದಕ್ಕಿಂತ ಈಗಾಗಲೇ ಏನು ಮಾಡಿದ್ದಾರೆ ಅನ್ನೋದು ಮುಖ್ಯ. ದೊಡ್ಡ ತಂಡಗಳು 18ರ ಹುಡುಗನ ಎತ್ತರ, ಓಟದ ವೇಗ, ಅವನಿಗೆ ಸಿಕ್ಕ ಸ್ಟಾರ್ ರೇಟಿಂಗ್ ನೋಡುತ್ತವೆ. ಸಿಗ್ನೆಟ್ಟಿ ಸಣ್ಣ ಲೀಗಿನಲ್ಲಿ ಎರಡು ಮೂರು ವರ್ಷ ವಾರವಾರವೂ ಆಡಿ ಲೆಕ್ಕ ತೋರಿಸಿದವರನ್ನು ಹುಡುಕಿದರು. ಜೇಮ್ಸ್ ಮ್ಯಾಡಿಸನ್‌ನಿಂದಲೇ 13 ಜನ ಅವರ ಹಿಂದೆ ಬಂದರು. ಎದುರಾಳಿಯನ್ನು ತಡೆಯುವ ಡಿಫೆನ್ಸ್ ಕಡೆಯಲ್ಲಿ ಡಿಫೆನ್ಸಿವ್ ಎಂಡ್ ಮಿಕೈಲ್ ಕಮಾರಾ, ಲೈನ್‌ಬ್ಯಾಕರ್ ಏಡನ್ ಫಿಶರ್, ಕಾರ್ನರ್‌ಬ್ಯಾಕ್ ಡಿ’ಏಂಜಲೊ ಪಾಂಡ್ಸ್; ಆಫೆನ್ಸ್ ಕಡೆಯಲ್ಲಿ ರಿಸೀವರ್ ಎಲೈಜಾ ಸಾರಟ್. ಈ ನಾಲ್ಕು ಹೆಸರು ನೆನಪಿಡಿ, ಮುಂದೆ ಬೇಕಾಗುತ್ತವೆ. ಆಫೆನ್ಸ್ ನೋಡಿಕೊಳ್ಳುವ ಮೈಕ್ ಶ್ಯಾನಹನ್, ಡಿಫೆನ್ಸ್ ನೋಡಿಕೊಳ್ಳುವ ಬ್ರಯಂಟ್ ಹೇನ್ಸ್ ಕೂಡ ಅಲ್ಲಿಂದಲೇ. ಆಟ ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿ ಒಹಾಯೊ ವಿಶ್ವವಿದ್ಯಾಲಯದಿಂದ (ಒಹಾಯೊ ಸ್ಟೇಟ್ ಬೇರೆ) ಕೆನಡಾದ ಕರ್ಟಿಸ್ ರೋರ್ಕ್ ಬಂದರು. ಕಾಲೇಜಿನಲ್ಲಿ ಅವರದು ಆರನೇ ವರ್ಷ.

ಇದರಿಂದ ಏನಾಯಿತು? ಆಗಸ್ಟ್‌ನಲ್ಲಿ ಅಭ್ಯಾಸ ಶುರುವಾದಾಗ ಕೋಚ್ ಏನು ಕೇಳುತ್ತಾರೆ, ಯಾವ ಕರೆಗೆ ಎಲ್ಲಿ ನಿಲ್ಲಬೇಕು, ಯಾವ ತಪ್ಪಿಗೆ ಕ್ಷಮೆ ಇಲ್ಲ ಅನ್ನೋದು ಒಂದು ಡಜನ್ ಆಟಗಾರರಿಗೆ ಮೊದಲೇ ಗೊತ್ತಿತ್ತು. ಹೊಸಬರಿಗೆ ಅವರೇ ಹೇಳಿಕೊಟ್ಟರು. ಸಾಮಾನ್ಯವಾಗಿ ಮೊದಲ ಸೀಸನ್ ಪೂರ್ತಿ ನುಂಗಿಹಾಕುವ ಪಾಠ ಇಲ್ಲಿ ಬೇಗ ಮುಗಿಯಿತು.

ಇನ್ನೊಂದು ವಿಷಯವನ್ನು ಜನ ಗಮನಿಸುವುದೇ ಇಲ್ಲ. ಸಿಗ್ನೆಟ್ಟಿ ಹಳಬರನ್ನೆಲ್ಲ ಓಡಿಸಲಿಲ್ಲ. ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ ಸೆಂಟರ್ ಮೈಕ್ ಕೇಟಿಕ್, ಎಡತುದಿಯ ಟ್ಯಾಕಲ್ ಕಾರ್ಟರ್ ಸ್ಮಿತ್, ಇಬ್ಬರೂ ಆ್ಯಲನ್ ಕಾಲದವರು. ರಿಸೀವರ್ ಒಮರ್ ಕೂಪರ್ ಕೂಡ. ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಲ್ಲುವ ಐದು ಜನರ ಲೈನ್ ಅಂದರೆ ಐದು ಜನ ಒಂದೇ ಉಸಿರಿಗೆ ಒಂದೇ ಕಡೆ ಹೆಜ್ಜೆ ಇಡಬೇಕಾದ ಜಾಗ. ಒಬ್ಬ ಅರ್ಧ ಸೆಕೆಂಡ್ ತಡ ಮಾಡಿದರೆ ಕ್ವಾರ್ಟರ್‌ಬ್ಯಾಕ್ ನೆಲದ ಮೇಲಿರುತ್ತಾನೆ. ಅದನ್ನು ಅಂಗಡಿಯಿಂದ ತಂದು ರಾತ್ರೋರಾತ್ರಿ ಜೋಡಿಸಲು ಆಗುವುದಿಲ್ಲ.

ಸೀಸನ್‌ಗೆ ಮೊದಲು ಪತ್ರಕರ್ತರ ಸಮೀಕ್ಷೆ ಇಂಡಿಯಾನಾಕ್ಕೆ ಕೊಟ್ಟ ಸ್ಥಾನ 18ರಲ್ಲಿ 17. ಆಮೇಲೆ ಅಂಕಗಳು ಬರತೊಡಗಿದವು. ವೆಸ್ಟರ್ನ್ ಇಲಿನಾಯ್ ಮೇಲೆ 77-3. ಯುಸಿಎಲ್‌ಎ ಮೇಲೆ 42-13. ನೆಬ್ರಾಸ್ಕಾ ಮೇಲೆ 56-7. ಆ ಪಂದ್ಯದಲ್ಲಿ ರೋರ್ಕ್ ಹೆಬ್ಬೆರಳಿಗೆ ಪೆಟ್ಟಾಯಿತು, ಮುಂದಿನ ವಾರ ಟೇವನ್ ಜ್ಯಾಕ್ಸನ್ ಆಡಿ ವಾಷಿಂಗ್ಟನ್ ತಂಡವನ್ನು ಸೋಲಿಸಿದರು. ಮಿಷಿಗನ್ ಸ್ಟೇಟ್ ವಿರುದ್ಧ ಮೊದಲು 10-0 ಹಿಂದೆ ಬಿದ್ದರು. ಅಲ್ಲಿಂದ ಮುಂದೆ ಎದುರಾಳಿಗೆ ಒಂದೂ ಅಂಕ ಕೊಡದೆ 47 ಅಂಕ ಬಾರಿಸಿದರು. ನವೆಂಬರ್ 9ರಂದು ಮಿಷಿಗನ್ ವಿರುದ್ಧ 20-15. ಅದು ಹತ್ತನೇ ಗೆಲುವು, ಒಂದೇ ಸೀಸನ್ನಿನಲ್ಲಿ ಹತ್ತು ಗೆಲುವು ಆ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಮೊದಲು. ಪಕ್ಕದ ವೈರಿ ಪರ್ಡ್ಯೂ ಮೇಲೆ 66-0. (ಪರ್ಡ್ಯೂನಲ್ಲಿ ಎಂಜಿನಿಯರಿಂಗ್ ಓದಲು ಹೋದ ಕನ್ನಡದ ಹುಡುಗರು ಸಿಕ್ಕರೆ ಈ ಅಂಕ ಎತ್ತಬೇಡಿ.) ಪ್ಲೇಆಫ್ ಸೇರಿ ಸರಾಸರಿ ಪಂದ್ಯಕ್ಕೆ 41 ಅಂಕ. ಪಾರ್ಕಿಂಗ್ ಜಾಗದಲ್ಲಿ ಉಳಿಯುತ್ತಿದ್ದವರಿಗೆ ಈಗ ಟಿಕೆಟ್ ಸಿಗದ ಪರಿಸ್ಥಿತಿ. ಸೀಸನ್ ಮುಗಿದ ಮೇಲೆ ಒಂದು ವಿಷಯ ಹೊರಬಂತು: ರೋರ್ಕ್ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡೇ ಇಡೀ ಸೀಸನ್ ಆಡಿದ್ದರು.

ಟೀಕೆಯೂ ಜೋರಾಗಿಯೇ ಇತ್ತು, ಮುಖ್ಯವಾಗಿ ದಕ್ಷಿಣದ ಎಸ್‌ಇಸಿ ಲೀಗಿನ ಕಡೆಯಿಂದ. ಇಂಡಿಯಾನಾ ಯಾರನ್ನು ಸೋಲಿಸಿದೆ ಅಂತ ಕೇಳಿದರು. ಪ್ರಶ್ನೆಯಲ್ಲಿ ಹುರುಳಿತ್ತು. ಆ ವರ್ಷ ಬಿಗ್ ಟೆನ್‌ನ ಬಲಿಷ್ಠರಲ್ಲಿ ಆರೆಗನ್, ಪೆನ್ ಸ್ಟೇಟ್ ಇಬ್ಬರೂ ಇಂಡಿಯಾನಾ ಪಟ್ಟಿಯಲ್ಲಿರಲಿಲ್ಲ. 18 ತಂಡಗಳ ಲೀಗಿನಲ್ಲಿ ಪ್ರತಿ ತಂಡ ಒಂಬತ್ತು ತಂಡಗಳ ಜೊತೆ ಮಾತ್ರ ಆಡುತ್ತದೆ, ಯಾರ ಪಾಲಿಗೆ ಯಾರು ಅನ್ನೋದು ಅರ್ಧ ಅದೃಷ್ಟ. ಹಿಂದಿನ ವರ್ಷದ ಫೈನಲ್ ಆಡಿದ್ದ ಮಿಷಿಗನ್, ವಾಷಿಂಗ್ಟನ್ ಎರಡನ್ನೂ ಸೋಲಿಸಿದೆವು ಅಂತ ಅಭಿಮಾನಿಗಳು ಹೇಳಬಹುದು. ಆದರೆ ಅವು ಆಗಲೇ ಹೆಸರಿಗಷ್ಟೇ ಹಳೆಯ ತಂಡಗಳು. ಮಿಷಿಗನ್ ಕೋಚ್ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ಗೆ, ವಾಷಿಂಗ್ಟನ್ ಕೋಚ್ ಅಲಬಾಮಾಕ್ಕೆ ಹೋಗಿದ್ದರು. ಒಳ್ಳೆಯ ಆಟಗಾರರೂ ಹೋಗಿಯಾಗಿತ್ತು.

ಆ ಸೀಸನ್ನನ್ನು ಅರ್ಥಮಾಡಿಕೊಳ್ಳಲು ಹನ್ನೊಂದು ಗೆಲುವಿಗಿಂತ ಎರಡು ಸೋಲುಗಳೇ ಹೆಚ್ಚು ಸಹಾಯ ಮಾಡುತ್ತವೆ.

ಮೊದಲನೆಯದು ನವೆಂಬರ್ 23, ಒಹಾಯೊ ಸ್ಟೇಟ್ ಸ್ಟೇಡಿಯಂ. ಇಂಡಿಯಾನಾ ಮೊದಲು ಚೆಂಡು ಹಿಡಿದಾಗಲೇ ಟಚ್‌ಡೌನ್ ಹೊಡೆದು, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ, 7-0 ಮುಂದೆ ಹೋಯಿತು. ಅಮೆರಿಕನ್ ಫುಟ್‌ಬಾಲಿನಲ್ಲಿ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಆಗಲ್ಲ ಅನ್ನಿಸಿದರೆ ನಾಲ್ಕನೇ ಪ್ರಯತ್ನದಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಅದೇ ಪಂಟ್. 7-7 ಇದ್ದಾಗ, ಅರ್ಧ ಆಟ ಮುಗಿಯಲು ಸ್ವಲ್ಪ ಹೊತ್ತಿದ್ದಾಗ, ಪಂಟ್ ಮಾಡಲು ನಿಂತವರ ಕೈಯಿಂದ ಚೆಂಡು ಜಾರಿತು. ಇಂಡಿಯಾನಾ ಗೋಲಿನ ಬುಡದಲ್ಲೇ ಚೆಂಡು ಒಹಾಯೊ ಸ್ಟೇಟ್‌ಗೆ ಸಿಕ್ಕಿತು, ಕೂಡಲೇ 14-7. ವಿರಾಮದ ನಂತರ ಇಂಡಿಯಾನಾ ಇನ್ನೊಂದು ಪಂಟ್ ಮಾಡಿತು. ಕೇಲಬ್ ಡೌನ್ಸ್ ಅದನ್ನು ಹಿಡಿದು 79 ಗಜ ಓಡಿ ಟಚ್‌ಡೌನ್ ಮಾಡಿದರು. ಪಂದ್ಯ ಅಲ್ಲಿಗೆ ಮುಗಿಯಿತು ಅನ್ನಬಹುದು. ಕೊನೆಗೆ 38-15. ಪಂಟ್ ತಪ್ಪು ಕಣ್ಣಿಗೆ ಕಂಡಿತು, ಆದರೆ ದೊಡ್ಡ ರೋಗ ಬೇರೆ. ರೋರ್ಕ್ ಐದು ಸಲ ನೆಲಕ್ಕೆ ಬಿದ್ದರು. ಇಡೀ ತಂಡ ಮುಂದೆ ಹೋಗಿದ್ದು ಒಟ್ಟು 151 ಗಜ. ಮುಂದಿನ ಐದು ಜನ ಆ ಮಟ್ಟದ ಎದುರಾಳಿಗೆ ಸಾಲುತ್ತಿರಲಿಲ್ಲ.

ಎರಡನೆಯದು ಡಿಸೆಂಬರ್ 20, ನಾಟ್ರ ಡೇಮ್ ಮೈದಾನ. 12 ತಂಡಗಳ ಹೊಸ ಪ್ಲೇಆಫ್‌ನ ಮೊಟ್ಟಮೊದಲ ಪಂದ್ಯ. ನಾಟ್ರ ಡೇಮ್‌ನ ಜೆರೆಮಾಯ ಲವ್ ಮೊದಲ ಕ್ವಾರ್ಟರ್‌ನಲ್ಲೇ 98 ಗಜ ಓಡಿ ಟಚ್‌ಡೌನ್ ಹೊಡೆದರು. ಅಂಕ 27-17 ಅಂತ ಕಾಣುತ್ತದೆ, ಆದರೆ ಇಂಡಿಯಾನಾದ ಎರಡು ಟಚ್‌ಡೌನ್ ಬಂದಿದ್ದು ಎಲ್ಲ ಮುಗಿದ ಮೇಲೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅಷ್ಟು ಹಿಂದೆ ಇದ್ದಾಗಲೂ ಸಿಗ್ನೆಟ್ಟಿ ಪಂಟ್ ಮಾಡಿಸಿದ್ದು ಬಹಳ ಜನರಿಗೆ ಹಿಡಿಸಲಿಲ್ಲ. ನನಗೂ ಅದು ಹೇಡಿತನದ ನಿರ್ಧಾರ ಅನ್ನಿಸಿತು. ಗೂಗಲ್ ಮಾಡಿ ಅಂದವರು ಅಲ್ಲಿ ಜೂಜಾಡಬೇಕಿತ್ತು ಅಲ್ವಾ?

ಬಲಿಷ್ಠರ ಎದುರು ಇಂಡಿಯಾನಾ ನಿಲ್ಲಲ್ಲ ಅಂತ ತೀರ್ಪು ಕೊಟ್ಟರು. ಆದರೆ ಜನವರಿಯಲ್ಲಿ ಫೈನಲ್ ಆಡಿದ್ದು ಯಾರು ನೋಡಿ: ಒಹಾಯೊ ಸ್ಟೇಟ್ ಮತ್ತು ನಾಟ್ರ ಡೇಮ್. ಎರಡೂ ಸೋಲು ಆ ವರ್ಷದ ಕೊನೆಯ ಎರಡು ತಂಡಗಳಿಗೆ, ಎರಡೂ ಅವರ ಮೈದಾನದಲ್ಲಿ. ಹಾಗಾಗಿ 2024ರ ಇಂಡಿಯಾನಾ ನಿಜಕ್ಕೂ ಒಳ್ಳೆಯ ತಂಡ, ವೇಳಾಪಟ್ಟಿ ಅದನ್ನು ಇನ್ನೂ ಸ್ವಲ್ಪ ಎತ್ತರವಾಗಿ ತೋರಿಸಿತು. ಇಷ್ಟೇ ನ್ಯಾಯವಾದ ಲೆಕ್ಕ.

ನಮ್ಮ ಕ್ರಿಕೆಟ್ ಓದುಗರಿಗೆ ಇದು ಪೂರ್ತಿ ಹೊಸ ಕಥೆಯೂ ಅಲ್ಲ. 2017ರಲ್ಲಿ ಚಂದ್ರಕಾಂತ್ ಪಂಡಿತ್ ವಿದರ್ಭಕ್ಕೆ ಕೋಚ್ ಆಗಿ ಹೋದರು. ಅದಕ್ಕೆ ಮೊದಲು ವಿದರ್ಭ ರಣಜಿ ಗೆದ್ದೇ ಇರಲಿಲ್ಲ. ಮೊದಲ ಸೀಸನ್ನಿನಲ್ಲೇ ಗೆದ್ದರು. ಕೋಲ್ಕತ್ತಾದ ಸೆಮಿಫೈನಲ್‌ನಲ್ಲಿ ಕರ್ನಾಟಕ ಐದೇ ರನ್ನಿಂದ ಸೋತಿದ್ದು ಅವರಿಗೇ. ರಜನೀಶ್ ಗುರ್ಬಾನಿ ನಮ್ಮ ಎರಡನೇ ಇನಿಂಗ್ಸ್‌ನಲ್ಲಿ ಏಳು ವಿಕೆಟ್ ಕಿತ್ತಿದ್ದು ಇನ್ನೂ ಚುಚ್ಚುತ್ತದೆ. ಆ ತಂಡದಲ್ಲಿ ಮುಂಬೈ ಬಿಟ್ಟು ಬಂದ ವಸೀಂ ಜಾಫರ್ ಇದ್ದರು, ಕರ್ನಾಟಕ ಬಿಟ್ಟು ಹೋದ ನಮ್ಮ ಗಣೇಶ್ ಸತೀಶ್ ಇದ್ದರು. ಬೇರೆ ಕಡೆ ಆಡಿ ಪಳಗಿದ ಒಂದಿಬ್ಬರು, ಸ್ಥಳೀಯ ಹುಡುಗರು, ಶಿಸ್ತಿನಲ್ಲಿ ರಾಜಿಯಾಗದ ಒಬ್ಬ ಕೋಚ್. ಅದು ಗಾಳಿಯಲ್ಲಿ ಬಂದ ಗೆಲುವು ಅಂದುಕೊಂಡವರಿಗೆ ಮುಂದಿನ ವರ್ಷ ಮತ್ತೆ ರಣಜಿ ಗೆದ್ದು ಉತ್ತರ ಕೊಟ್ಟರು. 2022ರಲ್ಲಿ ಅದೇ ಪಂಡಿತ್ ಮಧ್ಯಪ್ರದೇಶಕ್ಕೆ ರಣಜಿ ಗೆದ್ದುಕೊಟ್ಟಿದ್ದು ನಮ್ಮ ಚಿನ್ನಸ್ವಾಮಿ ಮೈದಾನದಲ್ಲೇ. ಇಂಥ ಕೋಚ್‌ಗಳು ಎಲ್ಲಿ ಹೋದರೂ ಗೆಲ್ಲುವುದನ್ನು ನೋಡಿದರೆ ಅವರ ಹತ್ತಿರ ಹಿಡಿದು ತೋರಿಸಬಹುದಾದ ಒಂದು ಪದ್ಧತಿ ಇದೆ ಅಂತಲೇ ಅರ್ಥ.

ಪೋರ್ಟಲ್ ಬಳಸಿದವರೆಲ್ಲ ಗೆದ್ದಿಲ್ಲ. ಕೊಲರಾಡೊ 2022ರಲ್ಲಿ ಒಂದು ಗೆದ್ದು 11 ಸೋತಿತ್ತು. ಎನ್‌ಎಫ್‌ಎಲ್ ದಂತಕಥೆ ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿ ಬಂದು ಹಳಬರಲ್ಲಿ ಬೆರಳೆಣಿಕೆಯಷ್ಟು ಜನರನ್ನು ಬಿಟ್ಟು ಎಲ್ಲರನ್ನೂ ಸಾಗಹಾಕಿದರು. 50ಕ್ಕೂ ಹೆಚ್ಚು ಹೊಸಬರು ಬಂದರು. 2023ರ ಮೊದಲ ಪಂದ್ಯದಲ್ಲೇ ಟಿಸಿಯು ತಂಡವನ್ನು 45-42ರಿಂದ ಸೋಲಿಸಿ ದೇಶವನ್ನೇ ಬೆರಗುಗೊಳಿಸಿದರು. ಮೊದಲ ಮೂರು ಗೆಲುವು. ಆಮೇಲೆ ಒಂಬತ್ತರಲ್ಲಿ ಎಂಟು ಸೋಲು. ಸ್ಟ್ಯಾನ್‌ಫರ್ಡ್ ವಿರುದ್ಧ ಅರ್ಧ ಆಟಕ್ಕೆ 29-0 ಮುಂದಿದ್ದು ಸೋತರು. ಅವರ ಮಗ, ಕ್ವಾರ್ಟರ್‌ಬ್ಯಾಕ್ ಶೆಡ್ಯೂರ್, ಆ ಸೀಸನ್ನಿನಲ್ಲಿ 50ಕ್ಕೂ ಹೆಚ್ಚು ಸಲ ನೆಲ ಕಂಡರು. ಮತ್ತೆ ಅದೇ ಲೈನ್. ಮಿಂಚುವ ಆಟಗಾರರನ್ನು ತಂದಿದ್ದರು, ಅವರ ಮುಂದೆ ನಿಲ್ಲುವವರನ್ನು ಜೋಡಿಸಿರಲಿಲ್ಲ. 2024ರಲ್ಲಿ 9 ಗೆದ್ದರು, ಟ್ರಾವಿಸ್ ಹಂಟರ್‌ಗೆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನ ಹೈಸ್ಮನ್ ಟ್ರೋಫಿ ಬಂತು. ಅವರೂ ಶೆಡ್ಯೂರ್ ಕೂಡ ಹೊರಟ ಮೇಲೆ, 2025ರಲ್ಲಿ ಮೂರೇ ಗೆಲುವು.

ನಾರ್ತ್ ಕ್ಯಾರೊಲೈನಾ ಕಥೆ ಇನ್ನೂ ಖಾರ. ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಆರು ಸಲ ಗೆದ್ದ ಹೆಡ್ ಕೋಚ್ ಬಿಲ್ ಬೆಲಿಚಿಕ್ ಅವರನ್ನು ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಟ್ಟು ತಂದರು. ಎನ್‌ಎಫ್‌ಎಲ್‌ನಲ್ಲಿರುವುದು 32 ತಂಡ. ನಮ್ಮದು 33ನೆಯದು ಅಂತ ತಂಡದ ಆಡಳಿತವೇ ಹೇಳಿಕೊಂಡಿತು. ಸುಮಾರು 70 ಹೊಸ ಆಟಗಾರರು. 2025ರ ಸೆಪ್ಟೆಂಬರ್ 1ರಂದು ಮೊದಲ ಪಂದ್ಯ, ಎದುರಾಳಿ ಮತ್ತೆ ಟಿಸಿಯು. 48-14, ಸೋಲು. ಸೀಸನ್ ಮುಗಿದಾಗ 4 ಗೆಲುವು, 8 ಸೋಲು. ಬೆಲಿಚಿಕ್‌ಗೆ ಫುಟ್‌ಬಾಲ್ ಗೊತ್ತಿಲ್ಲ ಅಂತ ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಅವರು ಕಾಲೇಜು ತಂಡಕ್ಕೆ ಹಿಂದೆ ಎಂದೂ ಕೋಚ್ ಆಗಿರಲಿಲ್ಲ. ಅವರ ಜೊತೆ ಮೊದಲೇ ಆಡಿದ ಒಬ್ಬ ಕಾಲೇಜು ಹುಡುಗನೂ ಇರಲು ಸಾಧ್ಯವಿರಲಿಲ್ಲ. ಸಿಗ್ನೆಟ್ಟಿಗೆ ಮೊದಲ ದಿನವೇ ಇದ್ದ 13 ಜನ ಬೆಲಿಚಿಕ್‌ಗೆ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ಇಂಡಿಯಾನಾ ಆ ಎರಡು ಸೋಲಿನಿಂದ ಏನು ಮಾಡಿತು ಅನ್ನೋದು 2025ರಲ್ಲಿ ಕಾಣಿಸಿತು. ಲೈನ್ ಸರಿಮಾಡಲು ಸೆಂಟರ್ ಪ್ಯಾಟ್ ಕೂಗನ್ ಅವರನ್ನು ಕರೆತಂದರು. ಎಲ್ಲಿಂದ? ತಮ್ಮನ್ನು ಸೋಲಿಸಿದ ನಾಟ್ರ ಡೇಮ್‌ನಿಂದಲೇ. ಕ್ವಾರ್ಟರ್‌ಬ್ಯಾಕ್ ಆಗಿ ಕ್ಯಾಲಿಫೋರ್ನಿಯಾದಿಂದ ಫರ್ನಾಂಡೊ ಮೆಂಡೋಜಾ ಬಂದರು, ಹೈಸ್ಮನ್ ಗೆದ್ದರು. ಆಗಲೇ ಹೇಳಿದ ಆ ನಾಲ್ವರು ಬೇರೆ ಕಡೆ ಹೋಗದೆ ಉಳಿದರು. ಪೆನ್ ಸ್ಟೇಟ್ ಎದುರು ಕೊನೆಯ ನಿಮಿಷದಲ್ಲಿ, ಗೆರೆಯೊಳಗೆ ಒಂದೇ ಕಾಲ ತುದಿ ಊರಿ ಚೆಂಡು ಹಿಡಿದು ಪಂದ್ಯ ಉಳಿಸಿದ್ದು ಆ್ಯಲನ್ ಕಾಲದ ಒಮರ್ ಕೂಪರ್. ಒಹಾಯೊ ಸ್ಟೇಟ್‌ನ್ನು 13-10ರಿಂದ ಸೋಲಿಸಿ ಬಿಗ್ ಟೆನ್ ಗೆದ್ದರು. ಪ್ಲೇಆಫ್‌ನ ರೋಸ್ ಬೌಲ್ ಪಂದ್ಯದಲ್ಲಿ ಅಲಬಾಮಾ ಮೇಲೆ 38-3. ಸೆಮಿಫೈನಲ್‌ನಲ್ಲಿ ಆರೆಗನ್‌ನ ಮೊದಲ ಪ್ರಯತ್ನದಲ್ಲೇ ಪಾಂಡ್ಸ್ ಚೆಂಡು ಕಸಿದು ಟಚ್‌ಡೌನ್ ಮಾಡಿದರು. 2026ರ ಜನವರಿ 19ರ ಫೈನಲ್‌ನಲ್ಲಿ ಮಯಾಮಿಯ ಪಂಟ್ ತಡೆದು ಟಚ್‌ಡೌನ್‌ಗೆ ದಾರಿ ಮಾಡಿದ್ದು ಕಮಾರಾ.

ಆ ಫೈನಲ್‌ನ ಒಂದು ಕ್ಷಣ ನನ್ನ ದೂರಿಗೂ ಉತ್ತರ ಕೊಟ್ಟಿತು. ನಾಲ್ಕನೇ ಕ್ವಾರ್ಟರ್, ನಾಲ್ಕನೇ ಪ್ರಯತ್ನ, ಗೋಲಿಗೆ 12 ಗಜ. ಮೂರು ಅಂಕದ ಫೀಲ್ಡ್ ಗೋಲ್ ಒದೆಯಲು ಆಟಗಾರರು ಮೈದಾನಕ್ಕೆ ಬಂದಿದ್ದರು. ಸಿಗ್ನೆಟ್ಟಿ ಟೈಮ್‌ಔಟ್ ಕೇಳಿ ಅವರನ್ನು ವಾಪಸ್ ಕರೆಸಿದರು. ಮೆಂಡೋಜಾ ಚೆಂಡು ಹಿಡಿದು ತಾವೇ ನುಗ್ಗಿದರು, ಏಟು ತಿಂದು, ತಿರುಗಿ, ಮೈ ಚಾಚಿ ಗೆರೆ ದಾಟಿದರು. 24-14. ಪಂದ್ಯ ಮುಗಿದಾಗ 27-21. ನಾಟ್ರ ಡೇಮ್‌ನಲ್ಲಿ ಪಂಟ್ ಮಾಡಿಸಿದವರೂ ಇವರೇ. ಆಗ ಮುಂದಿನ ಐದು ಜನರ ಮೇಲೆ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ, ಈಗ ಇತ್ತು ಅಂತ ನಾನು ಓದಿಕೊಳ್ಳುತ್ತೇನೆ.

ಈಗ ಇದರ ಬಿಸಿ ತಟ್ಟುತ್ತಿರುವುದು ಬೇರೆ ಕೋಚ್‌ಗಳಿಗೆ. ಜೇಮ್ಸ್ ಫ್ರ್ಯಾಂಕ್ಲಿನ್ 2025ರ ಜನವರಿಯಲ್ಲಿ ಪೆನ್ ಸ್ಟೇಟ್‌ನ್ನು ರಾಷ್ಟ್ರೀಯ ಸೆಮಿಫೈನಲ್‌ಗೆ ಕರೆದೊಯ್ದಿದ್ದರು. ಅದೇ ವರ್ಷದ ಹೊಸ ಸೀಸನ್ನಿನಲ್ಲಿ ಸಾಲಾಗಿ ಮೂರು ಸೋತರು, ಅಕ್ಟೋಬರ್‌ನಲ್ಲಿ ಕೆಲಸ ಹೋಯಿತು. ಒಪ್ಪಂದದ ಪ್ರಕಾರ ಬಾಕಿ 5 ಕೋಟಿ ಡಾಲರ್ ಹತ್ತಿರ. ಅದೇ ತಿಂಗಳು ಫ್ಲಾರಿಡಾ ತನ್ನ ಕೋಚ್ ಬಿಲ್ಲಿ ನೇಪಿಯರ್ ಅವರನ್ನು ಕಳಿಸಿತು. ಎಲ್‌ಎಸ್‌ಯು ಬ್ರಯನ್ ಕೆಲ್ಲಿ ಅವರನ್ನು ತೆಗೆಯಿತು, ಅಲ್ಲಿ ಬಾಕಿ 5 ಕೋಟಿ ಡಾಲರ್‌ಗೂ ಜಾಸ್ತಿ. ಇಷ್ಟು ದುಡ್ಡು ಸುರಿದು ಕೋಚ್ ಬದಲಿಸುವ ಧೈರ್ಯ ಎಲ್ಲಿಂದ ಬಂತು ಅಂದರೆ, ಒಂದೇ ವರ್ಷದಲ್ಲಿ ಎಲ್ಲ ಸರಿಹೋಗಬಹುದು ಅಂತ ಇಂಡಿಯಾನಾ ತೋರಿಸಿಬಿಟ್ಟಿದೆ. 62 ವರ್ಷದವರೆಗೆ ಸಣ್ಣ ಊರುಗಳಲ್ಲಿ ಕಲಿತವರೊಬ್ಬರು ಅದನ್ನು ಮಾಡಿದ್ದು ಅನ್ನೋದು ಆಡಳಿತದವರ ಕಣ್ಣಿಗೆ ಬಿದ್ದಂತಿಲ್ಲ. ಸಿಗ್ನೆಟ್ಟಿ ಅವರ ಮೊದಲ ಒಪ್ಪಂದ ಆರು ವರ್ಷಕ್ಕೆ 2.7 ಕೋಟಿ ಡಾಲರ್. ವರ್ಷ ತುಂಬುವ ಮೊದಲೇ ಅದನ್ನು ಹರಿದು ವರ್ಷಕ್ಕೆ ಸರಾಸರಿ 80 ಲಕ್ಷ ಡಾಲರ್ ಮಾಡಿದರು. ಪೆನ್ ಸ್ಟೇಟ್ ಜಾಗ ಖಾಲಿಯಾದ ವಾರವೇ ಅದು 1.16 ಕೋಟಿ ಆಯಿತು.

ದುಡ್ಡಿನ ನಿಯಮ ಮತ್ತೆ ಬದಲಾಗಿದೆ. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು. ಮೊದಲ ವರ್ಷ, 2025-26ರಲ್ಲಿ, ಒಂದು ವಿಶ್ವವಿದ್ಯಾಲಯಕ್ಕೆ ಮಿತಿ ಸುಮಾರು 2.05 ಕೋಟಿ ಡಾಲರ್ ಇತ್ತು. ಕೋವಿಡ್ ಕಾಲದ ಹೆಚ್ಚುವರಿ ವರ್ಷದವರು ಬಹುತೇಕ ಮುಗಿದಿದ್ದಾರೆ, ಅಂದರೆ ಸಣ್ಣ ಲೀಗಿನಲ್ಲಿ ಪಳಗಿದ 24ರ ಆಟಗಾರರು ಸುಲಭಕ್ಕೆ ಸಿಗುವ ಕಾಲವೂ ಮುಗಿಯುತ್ತಿದೆ. ಸಿಗ್ನೆಟ್ಟಿ ಹುಡುಕುವ ಜಾತಿಯ ಆಟಗಾರರಿಗಾಗಿ ಈಗ ಎಲ್ಲರೂ ಹುಡುಕುತ್ತಿದ್ದಾರೆ, ಬೆಲೆಯೂ ಏರಿದೆ. ಜೇಮ್ಸ್ ಮ್ಯಾಡಿಸನ್‌ನಿಂದ ಬಂದ ಆ ಗುಂಪಿನ ಕಾಲೇಜು ವರ್ಷಗಳೂ ಮುಗಿಯುತ್ತಿವೆ. ಇಂಡಿಯಾನಾದಲ್ಲಿ ಮೊದಲ ಬಾರಿಗೆ ಸಿಗ್ನೆಟ್ಟಿ ತಮ್ಮ ಪಾಠವನ್ನು ಹಳೆಯ ಶಿಷ್ಯರ ಸಹಾಯವಿಲ್ಲದೆ ಹೇಳಿಕೊಡಬೇಕು.

ಆದರೂ ದಾರಿ ಬದಲಿಸಿದಂತೆ ಕಾಣುವುದಿಲ್ಲ. ಮೊದಲ ವರ್ಷ ಒಹಾಯೊದ ರೋರ್ಕ್, ಎರಡನೇ ವರ್ಷ ಕ್ಯಾಲಿಫೋರ್ನಿಯಾದ ಮೆಂಡೋಜಾ. 2026ಕ್ಕೂ ಪೋರ್ಟಲ್‌ನಿಂದಲೇ, ವರ್ಷಗಟ್ಟಲೆ ಆಡಿ ಲೆಕ್ಕ ತೋರಿಸಿದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್: ಟಿಸಿಯುನ ಜಾಶ್ ಹೂವರ್. ಬೆಲಿಚಿಕ್ ಅವರ ಮೊದಲ ಕಾಲೇಜು ಪಂದ್ಯವನ್ನು 48-14 ಮಾಡಿದ ತಂಡವನ್ನು ಆ ರಾತ್ರಿ ಆಡಿಸಿದವರು ಅವರೇ.